ಬಾವಿಯ ಅಂಚಿನ ಮಗು, ನಡುಗುವ ಎತ್ತು: ಮೆನ್ಷಿಯಸ್ ಹೇಳಿದ ಕರುಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಚೀನಾದ ಚಿಂತಕರಾದ ಕನ್‌ಫ್ಯೂಷಿಯಸ್ ಮತ್ತು ಮೆನ್ಷಿಯಸ್ ಅವರನ್ನು ಗೆಳೆಯರ ಜೊತೆ ಕೂತು ಓದುವಾಗ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬಂದವು. ಯಾರು ಹೊಸದಾಗಿ ಓದಲು ಶುರು ಮಾಡಿದರೂ ಅದೇ ಜಾಗದಲ್ಲಿ ನಿಲ್ಲುತ್ತಾರೆ, ಅದೇ ಅನುಮಾನ ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಯಾಕೆಂದರೆ ವಿಷಯವೇ ಅಷ್ಟಿದೆ.

ಮೆನ್ಷಿಯಸ್ ಯಾರು? ಯಾವ ಕಾಲದವನು?

ಕನ್‌ಫ್ಯೂಷಿಯಸ್ ಬದುಕಿದ್ದು ಕ್ರಿ.ಪೂ. 551ರಿಂದ 479ರವರೆಗೆ. ಅವನು ತೀರಿಕೊಂಡು ಸುಮಾರು ನೂರು ವರ್ಷದ ಮೇಲೆ ಹುಟ್ಟಿದವನು ಮೆನ್ಷಿಯಸ್. ಸುಮಾರಾಗಿ ಕ್ರಿ.ಪೂ. 372ರಿಂದ 289 ಅವನ ಕಾಲ. ನಿಜವಾದ ಹೆಸರು ಮೆಂಗ್ ಕ. ಚೀನೀಯರು ಗೌರವದಿಂದ ಮೆಂಗ್ ತ್ಸು ಅನ್ನುತ್ತಾರೆ, ಅಂದರೆ ಮೆಂಗ್ ಗುರು. ಅದನ್ನು ಯುರೋಪಿನ ಪಾದ್ರಿಗಳು ಲ್ಯಾಟಿನ್‌ಗೆ ಬಗ್ಗಿಸಿ ಮೆನ್ಷಿಯಸ್ ಮಾಡಿದರು. ಹುಟ್ಟಿದ್ದು ತ್ಸೌ ಎಂಬ ಪುಟ್ಟ ರಾಜ್ಯದಲ್ಲಿ. ಕನ್‌ಫ್ಯೂಷಿಯಸ್‌ನ ಲು ರಾಜ್ಯ ಅದರ ಪಕ್ಕದಲ್ಲೇ ಇತ್ತು. ಎರಡೂ ಇವತ್ತಿನ ಶಾನ್‌ಡಾಂಗ್ ಪ್ರಾಂತ್ಯದಲ್ಲಿವೆ.

ಆ ಕಾಲಕ್ಕೆ ಇತಿಹಾಸದಲ್ಲಿ ಇರುವ ಹೆಸರೇ 'ಕಾದಾಡುವ ರಾಜ್ಯಗಳ ಕಾಲ'. ಒಂದು ರಾಜ್ಯ ಇನ್ನೊಂದನ್ನು ನುಂಗುತ್ತಿತ್ತು. ರೈತರನ್ನು ಹೊಲದಿಂದ ಎಳೆದು ಯುದ್ಧಕ್ಕೆ ಕಳಿಸುತ್ತಿದ್ದರು. ಇದು ತಲೆಯಲ್ಲಿ ಇರಲಿ. ಕರುಣೆ ಬಗ್ಗೆ ಮೆನ್ಷಿಯಸ್ ಆಡಿದ ಮಾತುಗಳಲ್ಲಿ ಬಹಳಷ್ಟು ಅರಮನೆಯೊಳಗೆ, ಸೈನ್ಯ ಕಟ್ಟುತ್ತಿದ್ದ ರಾಜರ ಎದುರಿಗೇ ಆಡಿದ್ದು.

ಇದಕ್ಕೂ ಮೊದಲು ಕನ್‌ಫ್ಯೂಷಿಯಸ್ ಕರುಣೆ ಬಗ್ಗೆ ಏನೂ ಹೇಳಿರಲಿಲ್ಲವೇ?

ಹೇಳಿದ್ದ. ಆದರೆ ವಿವರಿಸಲು ಕೂರಲಿಲ್ಲ. ಅವನ ಮುಖ್ಯ ಪದ 'ರೆನ್'. ಮನುಷ್ಯತ್ವ ಅನ್ನಬಹುದು. ಫ್ಯಾನ್ ಛ ಎಂಬ ಶಿಷ್ಯ ರೆನ್ ಅಂದರೇನು ಅಂತ ಕೇಳಿದಾಗ ಬಂದ ಉತ್ತರ ಎರಡೇ ಪದ: ಜನರನ್ನು ಪ್ರೀತಿಸು. ಜೀವನವಿಡೀ ಹಿಡಿದು ನಡೆಯಬಹುದಾದ ಒಂದು ಮಾತು ಹೇಳಿ ಅಂತ ಇನ್ನೊಬ್ಬ ಶಿಷ್ಯ ಕೇಳಿದಾಗ, ನಿನಗೆ ಬೇಡವಾದದ್ದನ್ನು ಬೇರೆಯವರಿಗೆ ಮಾಡಬೇಡ ಅಂದ. ಒಮ್ಮೆ ಲಾಯಕ್ಕೆ ಬೆಂಕಿ ಬಿದ್ದ ಸುದ್ದಿ ಬಂತು. ಯಾರಿಗಾದರೂ ಏಟಾಯಿತಾ ಅಂತ ಕೇಳಿದ. ಕುದುರೆಗಳ ವಿಷಯ ಕೇಳಲಿಲ್ಲ. ಕುದುರೆಗೆ ಬೆಲೆ ಜಾಸ್ತಿ, ಆಳಿಗೆ ಬೆಲೆ ಕಡಿಮೆ ಇದ್ದ ಕಾಲ ಅದು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ತ್ಸೈ ವೊ ಎಂಬ ಶಿಷ್ಯನ ಪ್ರಸಂಗ. ತಂದೆತಾಯಿ ತೀರಿಕೊಂಡಾಗ ಮೂರು ವರ್ಷ ಸೂತಕ ಜಾಸ್ತಿಯಾಯಿತು, ಒಂದು ವರ್ಷ ಸಾಲದೇ ಅಂತ ಅವನು ವಾದಿಸುತ್ತಾನೆ. ಕನ್‌ಫ್ಯೂಷಿಯಸ್ ನಿಯಮ ತೋರಿಸುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾನೆ: ಅಷ್ಟರೊಳಗೆ ಒಳ್ಳೆ ಅನ್ನ ಉಂಡು, ಜರಿ ಬಟ್ಟೆ ಉಟ್ಟರೆ ನಿನಗೆ ನೆಮ್ಮದಿ ಇರುತ್ತದಾ? ಇರುತ್ತದೆ ಅಂತಾನೆ ಶಿಷ್ಯ. ಹಾಗಾದರೆ ಮಾಡಿಕೋ ಅಂತಾನೆ ಗುರು. ಶಿಷ್ಯ ಎದ್ದು ಹೋದ ಮೇಲೆ ನೊಂದುಕೊಳ್ಳುತ್ತಾನೆ. ಮಗು ಅಪ್ಪ ಅಮ್ಮನ ಮಡಿಲು ಬಿಡಲು ಮೂರು ವರ್ಷ ಬೇಕು, ಅವನಿಗೂ ಆ ಮೂರು ವರ್ಷದ ಪ್ರೀತಿ ಸಿಕ್ಕಿರಲಿಲ್ಲವೇ ಅನ್ನುತ್ತಾನೆ. ಸರಿ ತಪ್ಪಿನ ಅಳತೆಗೋಲನ್ನು ಒಳಗಿನ ನೆಮ್ಮದಿಯಲ್ಲಿ ಹುಡುಕಿದ್ದು ಇಲ್ಲೇ. ಮೆನ್ಷಿಯಸ್ ಹಿಡಿದದ್ದು ಈ ಎಳೆಯನ್ನೇ.

ಬಾವಿಯ ಅಂಚಿನ ಮಗುವಿನ ಕಥೆ ಏನು?

ಕಥೆ ಅನ್ನುವಷ್ಟು ಇಲ್ಲ, ನಾಲ್ಕು ಸಾಲು. ಪುಟ್ಟ ಮಗುವೊಂದು ಬಾವಿಗೆ ಬೀಳುವುದರಲ್ಲಿದೆ. ಅದನ್ನು ಯಾರೇ ಆಗಲಿ ತಟ್ಟನೆ ನೋಡಿದರೆ ಬೆಚ್ಚಿಬೀಳುತ್ತಾರೆ, ಕರುಳು ಚುರ್ ಅನ್ನುತ್ತದೆ ಅಂತಾನೆ ಮೆನ್ಷಿಯಸ್. ಆಮೇಲೆ ಮೂರು ಕಾರಣಗಳನ್ನು ತಳ್ಳಿಹಾಕುತ್ತಾನೆ. ಮಗುವಿನ ತಂದೆತಾಯಿ ಜೊತೆ ಸ್ನೇಹ ಬೆಳೆಸಬಹುದು ಅಂತ ಹಾಗಾಗುವುದಿಲ್ಲ. ಊರವರು, ಗೆಳೆಯರು ಹೊಗಳಲಿ ಅಂತಲೂ ಅಲ್ಲ. ಮಗು ಅಳುವ ಸದ್ದು ಕಿರಿಕಿರಿ ಅಂತಲೂ ಅಲ್ಲ.

ಮೂರನೆಯದನ್ನು ನೋಡಿ. ನಾವು ಕರುಣೆ ತೋರಿಸುವುದು ನಮ್ಮ ಕಿರಿಕಿರಿ ಕಳೆದುಕೊಳ್ಳಲು ಅಂತ ಇವತ್ತಿಗೂ ಮನಶ್ಶಾಸ್ತ್ರದಲ್ಲಿ ವಾದ ಮಾಡುವವರಿದ್ದಾರೆ. ಆ ಅನುಮಾನ ಅವನಿಗೆ ಆಗಲೇ ಗೊತ್ತಿತ್ತು. 'ತಟ್ಟನೆ' ಅನ್ನುವ ಪದಕ್ಕೂ ಕೆಲಸ ಇದೆ. ಲೆಕ್ಕ ಹಾಕಲು ಪುರುಸೊತ್ತೇ ಇಲ್ಲದ ಕ್ಷಣವನ್ನು ಅವನು ಬೇಕಂತಲೇ ಆರಿಸಿಕೊಂಡಿದ್ದಾನೆ. ಲಾಭದ ಯೋಚನೆ ಬರುವ ಮೊದಲೇ ಬೆಚ್ಚಿಬಿದ್ದಾಗಿರುತ್ತದೆ.

ಆಮೇಲೆ ಆ ಮನುಷ್ಯ ಓಡಿಹೋಗಿ ಮಗುವನ್ನು ಹಿಡಿದನಾ?

ಪುಸ್ತಕದಲ್ಲಿ ಇಲ್ಲ. ಬಹಳ ಜನ ಇದನ್ನು ಗಮನಿಸುವುದಿಲ್ಲ, ಹಿಡಿದ ಅಂತಲೇ ನೆನಪಿಟ್ಟುಕೊಳ್ಳುತ್ತಾರೆ. ಎಲ್ಲರ ಒಳಗೂ ಏನೋ ಅಲುಗಾಡುತ್ತದೆ ಅಂತ ಮಾತ್ರ ಮೆನ್ಷಿಯಸ್ ಹೇಳುತ್ತಾನೆ. ಎಲ್ಲರೂ ಕೈ ಚಾಚುತ್ತಾರೆ ಅಂತ ಹೇಳುವುದಿಲ್ಲ. ಅಲುಗಾಟಕ್ಕೂ ಕೈಗೂ ನಡುವೆ ಎಷ್ಟು ದೂರ ಇದೆ, ಅದನ್ನು ದಾಟುವುದು ಹೇಗೆ ಅನ್ನುವುದೇ ಅವನ ಇಡೀ ಪುಸ್ತಕದ ಚಿಂತೆ ಅಂತ ನನಗನಿಸುತ್ತದೆ.

'ನಾಲ್ಕು ಮೊಳಕೆ' ಅಂದರೆ?

ಮೆನ್ಷಿಯಸ್ ಬಳಸುವ ಪದ 'ತ್ವಾನ್'. ತುದಿ, ಶುರು, ಮಣ್ಣಿನಿಂದ ಈಗಷ್ಟೇ ಇಣುಕಿದ ಮೊಳಕೆ. ಮರುಗುವ ಮನಸ್ಸು ರೆನ್‌ನ ಮೊಳಕೆ. ನಾಚಿಕೆ ಮತ್ತು ಅಸಹ್ಯ ಪಡುವ ಮನಸ್ಸು ನ್ಯಾಯದ ಮೊಳಕೆ. ಬೇರೆಯವರಿಗೆ ದಾರಿ ಬಿಟ್ಟುಕೊಡುವ ಮನಸ್ಸು ಮರ್ಯಾದೆಯ ಮೊಳಕೆ. ಸರಿ ತಪ್ಪು ಗುರುತಿಸುವ ಮನಸ್ಸು ವಿವೇಕದ ಮೊಳಕೆ. ಕೈಕಾಲು ನಾಲ್ಕು ಇರುವಂತೆ ಮನುಷ್ಯನಿಗೆ ಈ ನಾಲ್ಕೂ ಇವೆ ಅಂತಾನೆ.

ಮೊಳಕೆಯೇ ಮರ ಅಂತ ಅವನು ಎಲ್ಲೂ ಹೇಳಿಲ್ಲ. 'ಮನುಷ್ಯ ಸ್ವಭಾವತಃ ಒಳ್ಳೆಯವನು ಅಂತ ಮೆನ್ಷಿಯಸ್ ನಂಬಿದ್ದ' ಎಂದು ಪಾಠದಲ್ಲಿ ಒಂದು ಸಾಲು ಓದಿದ ನಮಗೆ ಅವನು ಭೋಳೆ ಮನುಷ್ಯನ ಹಾಗೆ ಕಾಣುತ್ತಾನೆ. ಅವನು ಹೇಳಿದ್ದು ಇಷ್ಟು: ಬೀಜ ಒಳ್ಳೆಯದು, ಬೆಳೆ ಗ್ಯಾರಂಟಿ ಇಲ್ಲ. ಬೆಳೆಸಿದರೆ ನಾಲ್ಕು ಸಮುದ್ರಗಳ ನಡುವಿನ ಜಗತ್ತನ್ನೇ ಕಾಯಬಹುದು, ಬೆಳೆಸದೇ ಬಿಟ್ಟರೆ ಹೆತ್ತವರನ್ನು ನೋಡಿಕೊಳ್ಳಲೂ ಸಾಲದು.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ಕರುಣೆಯೋ, ದಯೆಯೋ, ಅನುಕಂಪವೋ?

'ದಯೆ' ಅಂದರೆ ಮೇಲಿನವರು ಕೆಳಗಿನವರಿಗೆ ಕೊಡುವ ವಾಸನೆ ಬರುತ್ತದೆ. 'ಅನುಕಂಪ' ಪತ್ರಿಕೆಯ ಪದವಾಗಿಬಿಟ್ಟಿದೆ. 'ಮರುಕ' ಹತ್ತಿರ ಬರುತ್ತದೆ. ಮೆನ್ಷಿಯಸ್ ಬಳಸಿದ ಪದಗಳಲ್ಲಿ ಬೆಚ್ಚುವುದು, ನೋಯುವುದು ಎರಡೂ ಇವೆ. ಅವು ಮೈಯಲ್ಲಿ ಆಗುವ ಸಂಗತಿಗಳು. ಹಾಗಾಗಿ ನನಗೆ ನಮ್ಮ 'ಕರುಳು ಚುರ್ ಅಂತು' ಅನ್ನುವ ಮಾತೇ ಸರಿ ಅನಿಸುತ್ತದೆ. ಅದನ್ನು ಯಾರೂ ಯೋಚನೆ ಮಾಡಿ ತಂದುಕೊಳ್ಳುವುದಿಲ್ಲ, ಅದು ಆಗುತ್ತದೆ.

ಇನ್ನೊಂದು ಪದ 'ಶಿನ್'. ಎದೆಯೊಳಗಿನ ಹೃದಯಕ್ಕೂ ಅದೇ, ಯೋಚಿಸುವ ಬುದ್ಧಿಗೂ ಅದೇ. ನಮ್ಮ 'ಮನಸ್ಸು' ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. 'ಮನಸ್ಸು ಮಾಡು' ಅಂದಾಗ ನಿರ್ಧಾರ, 'ಮನಸ್ಸು ಕರಗಿತು' ಅಂದಾಗ ಭಾವನೆ, ಎರಡಕ್ಕೂ ಒಂದೇ ಪದ ಸಾಕಲ್ವಾ?

1993ರಲ್ಲಿ ಹುಬೈ ಪ್ರಾಂತ್ಯದ ಗ್ವೋದ್ಯನ್ ಎಂಬಲ್ಲಿ ಒಂದು ಹಳೆಯ ಗೋರಿಯಲ್ಲಿ ಬಿದಿರಿನ ಪಟ್ಟಿಗಳ ಮೇಲೆ ಬರೆದ ಬರಹಗಳು ಸಿಕ್ಕವು. ಸುಮಾರು ಕ್ರಿ.ಪೂ. 300ರವು, ಅಂದರೆ ಮೆನ್ಷಿಯಸ್ ಬದುಕಿದ್ದ ಕಾಲದವು. ಈಗ ರೆನ್ ಅಕ್ಷರವನ್ನು 'ಮನುಷ್ಯ' ಮತ್ತು 'ಎರಡು' ಸೇರಿಸಿ ಬರೆಯುತ್ತಾರೆ. ಆ ಪಟ್ಟಿಗಳಲ್ಲಿ ಬರೆದ ರೀತಿ ಬೇರೆ: ಮೇಲೆ ಮೈ, ಕೆಳಗೆ ಹೃದಯ.

ರಾಜ ಮತ್ತು ಎತ್ತಿನ ಪ್ರಸಂಗವನ್ನು ಎಲ್ಲರೂ ಯಾಕೆ ಅಷ್ಟು ಹೇಳುತ್ತಾರೆ?

ಯಾಕೆಂದರೆ ಒಬ್ಬ ಮನುಷ್ಯ ತನ್ನ ಮನಸ್ಸು ತನಗೇ ಅರ್ಥವಾಗದೆ ಒದ್ದಾಡುವುದನ್ನು ಅಷ್ಟು ಹತ್ತಿರದಿಂದ ತೋರಿಸುವ ಬರಹ ಆ ಕಾಲದಲ್ಲಿ ತೀರಾ ಕಡಿಮೆ.

ಛಿ ರಾಜ್ಯದ ದೊರೆ ಷುವಾನ್ ಕ್ರಿ.ಪೂ. 319ರಿಂದ 301ರವರೆಗೆ ಆಳಿದವನು. ಅವನಿಗೆ ಯುದ್ಧದ ಹುಚ್ಚು. ನನ್ನಂಥವನು ಪ್ರಜೆಗಳನ್ನು ಕಾಯಬಲ್ಲೆನೇ ಅಂತ ಮೆನ್ಷಿಯಸ್‌ನನ್ನು ಕೇಳುತ್ತಾನೆ. ಖಂಡಿತ ಅನ್ನುತ್ತಾನೆ ಮೆನ್ಷಿಯಸ್. ಹೇಗೆ ಗೊತ್ತು? ನಿಮ್ಮ ಆಸ್ಥಾನದವನೊಬ್ಬ ಒಂದು ಸಂಗತಿ ಹೇಳಿದ ಅಂತ ಶುರು ಮಾಡುತ್ತಾನೆ.

ರಾಜ ಸಭಾಂಗಣದಲ್ಲಿ ಮೇಲೆ ಕೂತಿದ್ದ. ಕೆಳಗೆ ಒಬ್ಬ ಎತ್ತು ಹಿಡಿದುಕೊಂಡು ಹೋಗುತ್ತಿದ್ದ. ಎಲ್ಲಿಗೆ ಅಂದ ರಾಜ. ಹೊಸ ಗಂಟೆಗೆ ಇದರ ರಕ್ತ ಬಳಿಯಬೇಕು ಅಂದ ಆಳು. ಬಿಟ್ಟುಬಿಡು, ಅದು ನಡುಗುತ್ತಿರುವುದನ್ನು ನೋಡಲಾರೆ, ತಪ್ಪೇ ಮಾಡದವನು ವಧೆಯ ಜಾಗಕ್ಕೆ ಹೋಗುತ್ತಿರುವ ಹಾಗಿದೆ ಅಂದ ರಾಜ. ಹಾಗಾದರೆ ಗಂಟೆಯ ಶಾಸ್ತ್ರ ಬಿಡೋಣವೇ? ಅದನ್ನು ಹೇಗೆ ಬಿಡುವುದು, ಒಂದು ಕುರಿ ತಂದು ಮಾಡಿ ಅಂದ.

ಊರಲ್ಲಿ ಎಲ್ಲರೂ ರಾಜ ಜಿಪುಣ ಅಂದುಕೊಂಡರು. ದೊಡ್ಡದರ ಬದಲು ಚಿಕ್ಕದು ಕೊಟ್ಟ ಅಲ್ವಾ? ರಾಜ ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾನೆ. ಛಿ ಸಣ್ಣ ರಾಜ್ಯವೇ ಇರಬಹುದು, ಒಂದು ಎತ್ತಿಗೆ ಲೆಕ್ಕ ಹಾಕುವಷ್ಟು ನಾನು ಬಡವನೇ ಅನ್ನುತ್ತಾನೆ. ಮೆನ್ಷಿಯಸ್ ಸಮಾಧಾನ ಮಾಡುವ ಬದಲು ಇನ್ನೂ ಚುಚ್ಚುತ್ತಾನೆ. ತಪ್ಪಿಲ್ಲದೆ ಸಾಯುತ್ತದೆ ಅಂತ ನೊಂದಿದ್ದರೆ, ಎತ್ತಿಗೂ ಕುರಿಗೂ ಏನು ವ್ಯತ್ಯಾಸ? ಆಗ ರಾಜ ನಗುತ್ತಾನೆ. ಹೌದಲ್ಲ, ಆಗ ನನ್ನ ಮನಸ್ಸಲ್ಲಿ ಇದ್ದದ್ದಾದರೂ ಏನು? ದುಡ್ಡಿಗಾಗಿ ಮಾಡಲಿಲ್ಲ, ಆದರೂ ಕುರಿ ತನ್ನಿ ಅಂದೆ. ಜನ ಜಿಪುಣ ಅಂದದ್ದು ಸಹಜವೇ.

ಈಗ ಮೆನ್ಷಿಯಸ್ ಕೈಹಿಡಿಯುತ್ತಾನೆ. ತೊಂದರೆ ಇಲ್ಲ, ಇದೇ ರೆನ್‌ನ ದಾರಿ. ನೀವು ಎತ್ತನ್ನು ಕಂಡಿದ್ದಿರಿ, ಕುರಿಯನ್ನು ಕಂಡಿರಲಿಲ್ಲ.

ರಾಜನಿಗೆ ಖುಷಿಯಾಗುತ್ತದೆ. ಮಾಡಿದವನು ನಾನೇ, ಆದರೆ ಹಿಂತಿರುಗಿ ಹುಡುಕಿದಾಗ ನನ್ನ ಮನಸ್ಸು ನನಗೇ ಸಿಗಲಿಲ್ಲ, ನೀವು ಹೇಳಿದಾಗ ಒಳಗೆ ಮತ್ತೆ ಏನೋ ಅಲುಗಿತು ಅನ್ನುತ್ತಾನೆ. ಆ ಸಾಲಿಗೆ ಬಂದಾಗಲೆಲ್ಲ ನಾನು ಪುಸ್ತಕ ಕೆಳಗಿಡುತ್ತೇನೆ. ಕರುಣೆ ಒಳಗೆ ಬಂದು ಹೋಗಿರುತ್ತದೆ, ನಮಗೇ ಗೊತ್ತಾಗಿರುವುದಿಲ್ಲ. ಅದಕ್ಕೆ ಹೆಸರಿಟ್ಟು ತೋರಿಸಲು ಇನ್ನೊಬ್ಬರು ಬೇಕಾಗುತ್ತಾರೆ.

ಇದೆಲ್ಲ ಆದ ಮೇಲೆ ಮೆನ್ಷಿಯಸ್ ನಿಜವಾದ ಮಾತಿಗೆ ಬರುತ್ತಾನೆ. ಒಬ್ಬ ಭಾರೀ ಹೊರೆ ಎತ್ತಬಲ್ಲೆ, ಒಂದು ಗರಿ ಎತ್ತಲಾರೆ ಅಂದರೆ ನಂಬುತ್ತೀರಾ? ಕೂದಲಿನ ತುದಿ ಕಾಣುತ್ತದೆ, ಗಾಡಿ ತುಂಬ ಇರುವ ಸೌದೆ ಕಾಣಲ್ಲ ಅಂದರೆ? ನಿಮ್ಮ ಮರುಕ ಎತ್ತಿನವರೆಗೆ ತಲುಪಿದೆ, ಪ್ರಜೆಗಳನ್ನು ಮಾತ್ರ ತಲುಪಿಲ್ಲ. ಅದು ಆಗದ ಕೆಲಸ ಅಲ್ಲ, ನೀವು ಮಾಡುತ್ತಿಲ್ಲ ಅಷ್ಟೆ.

ಕುರಿ ಏನು ಪಾಪ ಮಾಡಿತ್ತು?

ನ್ಯಾಯವಾದ ಸಿಟ್ಟು. ಪ್ರಾಣಿಯನ್ನು ಬದುಕಿರುವಾಗ ಕಂಡವನು ಅದು ಸಾಯುವುದನ್ನು ನೋಡಲಾರ, ಅದರ ಕೂಗು ಕೇಳಿದವನು ಅದರ ಮಾಂಸ ತಿನ್ನಲಾರ, ಹಾಗಾಗಿ ಸಜ್ಜನ ಅಡುಗೆಮನೆಯಿಂದ ದೂರ ಇರುತ್ತಾನೆ ಅಂತ ಮೆನ್ಷಿಯಸ್ ಅಲ್ಲೇ ಹೇಳುತ್ತಾನೆ. ಕೋಳಿ ಅಂಗಡಿಯಲ್ಲಿ ಕೋಳಿ ತೋರಿಸಿ, ಕೊಯ್ಯುವ ಹೊತ್ತಿಗೆ ಫೋನ್ ನೋಡುತ್ತಾ ಆಚೆ ತಿರುಗಿ ನಿಲ್ಲುವವರಲ್ಲಿ ನಾನೂ ಒಬ್ಬ. ಆ ಸಾಲು ನನ್ನ ಬೆನ್ನಿಗೇ ಬಂದು ತಾಗಿತು.

ಇದಕ್ಕೆ ಎರಡು ರೀತಿ ಅರ್ಥ ಹೇಳುತ್ತಾರೆ. ಮರುಕ ಪಡುವ ಶಕ್ತಿ ಜಡ್ಡುಗಟ್ಟದಿರಲಿ ಅಂತ ದೂರ ಇರುವುದು ಒಂದು. ದಿನಾ ಕೊಯ್ಯುವುದನ್ನು ನೋಡಿದರೆ ಮನಸ್ಸು ಗಟ್ಟಿಯಾಗುತ್ತದೆ ಎಂಬ ಕಾಳಜಿ ಅದರಲ್ಲಿದೆ. ಇನ್ನೊಂದು, ಇದು ಸುಮ್ನೆ ಕಣ್ಣು ಮುಚ್ಚಿಕೊಳ್ಳುವುದು ಅನ್ನುವ ಟೀಕೆ. ನನಗೆ ಎರಡನೆಯದೇ ಜಾಸ್ತಿ ಸರಿ ಅನಿಸುತ್ತದೆ. ಆದರೆ ಮೆನ್ಷಿಯಸ್‌ಗೆ ಅವತ್ತು ಕುರಿಗಿಂತ ದೊಡ್ಡ ಕೆಲಸ ಇತ್ತು. ರಾಜನಿಗೆ ಕಾಣದೆ ಇದ್ದದ್ದು ಕುರಿ ಒಂದೇ ಅಲ್ಲ, ಹಸಿದ ಹಳ್ಳಿಗಳೂ ಕಾಣುತ್ತಿರಲಿಲ್ಲ. ಲಿಯಾಂಗ್ ರಾಜ್ಯದ ದೊರೆಗಂತೂ ಅವನು ನೇರವಾಗಿಯೇ ಹೇಳಿದ್ದ: ನಿಮ್ಮ ಅಡುಗೆಮನೆಯಲ್ಲಿ ಕೊಬ್ಬಿದ ಮಾಂಸ, ಲಾಯದಲ್ಲಿ ಕೊಬ್ಬಿದ ಕುದುರೆ, ಜನರ ಮುಖದಲ್ಲಿ ಹಸಿವು, ಇದು ಪ್ರಾಣಿಗಳನ್ನು ಕರೆತಂದು ಮನುಷ್ಯರನ್ನು ತಿನ್ನಿಸಿದ ಹಾಗೆ.

ಕರುಣೆಯನ್ನು 'ಚಾಚುವುದು' ಹೇಗೆ? ಭಾವನೆ ಹೇಳಿದ ಹಾಗೆ ಕೇಳುತ್ತದಾ?

ಕೇಳುವುದಿಲ್ಲ. ಎತ್ತಿಗೆ ಮರುಗಿದ್ದೀಯ, ಹಾಗಾಗಿ ತರ್ಕದ ಪ್ರಕಾರ ಪ್ರಜೆಗಳಿಗೂ ಮರುಗಬೇಕು ಅಂದರೆ ಯಾರ ಮನಸ್ಸೂ ಕರಗದು. 1972ರಲ್ಲಿ ಪೀಟರ್ ಸಿಂಗರ್ ಎಂಬ ತತ್ವಜ್ಞಾನಿಯೂ ಮುಳುಗುವ ಮಗುವಿನ ಉದಾಹರಣೆ ಕೊಟ್ಟ. ಕೊಳದಲ್ಲಿ ಮುಳುಗುವ ಮಗುವನ್ನು ಉಳಿಸಲು ಬಟ್ಟೆ ಒದ್ದೆಯಾದರೂ ಇಳಿಯುತ್ತೀರಿ, ಹಾಗಾದರೆ ದೂರದಲ್ಲಿ ಹಸಿವಿನಿಂದ ಸಾಯುವವರಿಗೆ ಯಾಕೆ ಕೊಡುವುದಿಲ್ಲ, ದೂರ ಒಂದು ಕಾರಣವೇ ಅಂತ ಕೇಳಿದ. ವಾದ ಗಟ್ಟಿ. ಆದರೂ ಅದನ್ನು ಓದಿ ಒಪ್ಪಿ, ಪುಸ್ತಕ ಮುಚ್ಚಿ ಊಟಕ್ಕೆ ಹೋಗುವವರೇ ಜಾಸ್ತಿ.

ಮೆನ್ಷಿಯಸ್ ದಾರಿ ಬೇರೆ. ಮೊದಲು ರಾಜನಿಗೆ ಆ ಎತ್ತಿನ ಕ್ಷಣವನ್ನು ಮತ್ತೆ ಅನುಭವಿಸುವ ಹಾಗೆ ಮಾಡುತ್ತಾನೆ. ಅದು ಒಳಗೆ ಬೆಚ್ಚಗೆ ಇರುವಾಗಲೇ ಪ್ರಜೆಗಳ ಮಾತು ತೆಗೆಯುತ್ತಾನೆ. ಆಮೇಲೆ ಮನೆಯಿಂದ ಶುರು ಮಾಡು ಅನ್ನುತ್ತಾನೆ. ನಿನ್ನ ಮನೆಯ ಹಿರಿಯರನ್ನು ನೋಡಿಕೋ, ಅದನ್ನೇ ಬೇರೆಯವರ ಹಿರಿಯರಿಗೂ ಚಾಚು. ನಿನ್ನ ಮನೆಯ ಮಕ್ಕಳಿಂದ ಬೇರೆಯವರ ಮಕ್ಕಳಿಗೆ ಚಾಚು.

ಭಾವನೆಯ ಹತ್ತಿರವೇ ನಿಲ್ಲುವುದೂ ಇಲ್ಲ. ತಕ್ಷಣ ಹೊಲ ಮನೆಯ ಲೆಕ್ಕಕ್ಕೆ ಇಳಿಯುತ್ತಾನೆ. ಐದು 'ಮು' ಅಳತೆಯ ಹಿತ್ತಿಲಲ್ಲಿ ಹಿಪ್ಪುನೇರಳೆ ಬೆಳೆದರೆ 50 ವರ್ಷದವರು ರೇಷ್ಮೆ ಉಡಬಹುದು. ಕೋಳಿ, ಹಂದಿ ಸಾಕುವ ಕಾಲ ತಪ್ಪಿಸದಿದ್ದರೆ 70 ವರ್ಷದವರು ಮಾಂಸ ಉಣ್ಣಬಹುದು. ಉಳುಮೆಯ ಹೊತ್ತಿಗೆ ರೈತನನ್ನು ಎಳೆದೊಯ್ಯದಿದ್ದರೆ ಮನೆಮಂದಿ ಹಸಿಯುವುದಿಲ್ಲ. ರಾಜನ ಕರುಣೆ ಕಾಣಬೇಕಾದದ್ದು ಅಲ್ಲಿ ಅಂತ ಅವನ ಲೆಕ್ಕ.

ಆಮೇಲೆ ಆ ರಾಜ ಬದಲಾದನಾ?

ಇಲ್ಲ. ಕ್ರಿ.ಪೂ. 314ರಲ್ಲಿ ಷುವಾನ್ ಪಕ್ಕದ ಯೆನ್ ರಾಜ್ಯಕ್ಕೆ ನುಗ್ಗಿದ. ಹಿಡಿದುಕೊಂಡ ಮುದುಕರನ್ನೂ ಮಕ್ಕಳನ್ನೂ ವಾಪಸ್ ಕಳಿಸು ಅಂತ ಮೆನ್ಷಿಯಸ್ ಹೇಳಿದ. ರಾಜ ಕೇಳಲಿಲ್ಲ. ಯೆನ್ ಜನ ತಿರುಗಿಬಿದ್ದಾಗ, ಮೆನ್ಷಿಯಸ್ ಎದುರು ನನಗೆ ನಾಚಿಕೆಯಾಗುತ್ತಿದೆ ಅಂದ. ಮೆನ್ಷಿಯಸ್ ಕೆಲಸ ಬಿಟ್ಟು ಹೊರಟ. ಹೊರಟವನು ಛಿ ರಾಜ್ಯದ ಚೌ ಎಂಬ ಊರಿನಲ್ಲಿ ಮೂರು ರಾತ್ರಿ ತಂಗಿದ. ಅಷ್ಟು ನಿಧಾನ ಯಾಕೆ ಅಂತ ಒಬ್ಬ ಆಡಿಕೊಂಡಾಗ, ನನಗೆ ಮೂರು ರಾತ್ರಿಯೂ ಬೇಗ ಅನಿಸಿತು, ರಾಜ ಮನಸ್ಸು ಬದಲಿಸಿ ಕರೆಯಬಹುದು ಅಂತ ಆಸೆಯಿತ್ತು ಅಂದ. ಯಾರೂ ಕರೆಯಲು ಬರಲಿಲ್ಲ.

ಮನೆಯವರಿಗೆ ಜಾಸ್ತಿ, ಹೊರಗಿನವರಿಗೆ ಕಡಿಮೆ: ಇದು ಸರಿಯೇ?

ಇದೇ ಪ್ರಶ್ನೆಯನ್ನು ಮೋ ತ್ಸು ಎಂಬ ಚಿಂತಕ ಮೆನ್ಷಿಯಸ್‌ಗಿಂತ ಮೊದಲೇ ಎತ್ತಿದ್ದ. ಯುದ್ಧ, ಕಳ್ಳತನ, ಜಗಳ ಎಲ್ಲವೂ 'ನಮ್ಮವರು, ಬೇರೆಯವರು' ಅನ್ನುವುದರಿಂದಲೇ ಹುಟ್ಟುತ್ತವೆ, ಎಲ್ಲರ ಮೇಲೂ ಸಮನಾದ ಕಾಳಜಿ ಇರಲಿ ಅಂತ ಅವನ ವಾದ. ಅವನದೊಂದು ಒಳ್ಳೆಯ ಪ್ರಶ್ನೆ ಇದೆ. ನೀವು ದೂರದ ಅಪಾಯದ ಪ್ರಯಾಣಕ್ಕೆ ಹೊರಟಿದ್ದೀರಿ. ಹೆಂಡತಿ ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಹೋಗುತ್ತೀರಿ? ತನ್ನವರನ್ನು ಮಾತ್ರ ನೋಡುವವನ ಹತ್ತಿರವೋ, ಎಲ್ಲರನ್ನೂ ತನ್ನವರಂತೆ ನೋಡುವವನ ಹತ್ತಿರವೋ?

ಮೋ ತ್ಸು ಕಡೆಯವನಾದ ಯೀ ಛ್ ಎಂಬಾತ ಮೆನ್ಷಿಯಸ್ ಜೊತೆ ಮಾತಿಗಿಳಿದ. ಸರಳ ಶವಸಂಸ್ಕಾರ ಆ ಪಂಥದ ನಿಯಮ. ಆದರೆ ಅವನು ತನ್ನ ತಂದೆತಾಯಿಗೆ ಅದ್ದೂರಿಯಾಗಿ ಮಾಡಿದ್ದ. ಮೆನ್ಷಿಯಸ್ ಅದನ್ನೇ ಹಿಡಿದ. ನಿನ್ನ ಸಿದ್ಧಾಂತ ಒಂದು ಹೇಳುತ್ತದೆ, ನಿನ್ನ ಕೈ ಇನ್ನೊಂದು ಮಾಡಿದೆ. ಆಮೇಲೆ ಒಂದು ಹಳೆಯ ಕಾಲದ ಸಂಗತಿ ಹೇಳಿದ.

ಆಗ ಹೂಳುವ ಪದ್ಧತಿ ಇರಲಿಲ್ಲವಂತೆ. ಹೆತ್ತವರು ಸತ್ತರೆ ಎತ್ತಿ ಹಳ್ಳಕ್ಕೆ ಹಾಕಿ ಬರುತ್ತಿದ್ದರು. ಕೆಲವು ದಿನದ ಮೇಲೆ ಒಬ್ಬ ಅದೇ ದಾರಿಯಲ್ಲಿ ಹೋದ. ನರಿಗಳು ಹೆಣ ತಿನ್ನುತ್ತಿದ್ದವು, ನೊಣ ಸೊಳ್ಳೆ ಮುತ್ತಿದ್ದವು. ಅವನ ಹಣೆ ಬೆವರಿತು. ನೆಟ್ಟಗೆ ನೋಡಲಾಗದೆ ಕಣ್ಣು ಓರೆ ಮಾಡಿದ. ಆ ಬೆವರು ಬೇರೆಯವರಿಗೆ ತೋರಿಸಲು ಬಂದದ್ದಲ್ಲ, ಒಳಗಿಂದ ಮುಖಕ್ಕೆ ಬಂದದ್ದು. ಮನೆಗೆ ಹೋಗಿ ಬುಟ್ಟಿ, ಗುದ್ದಲಿ ತಂದು ಮಣ್ಣು ಮುಚ್ಚಿದ.

ಇದನ್ನು ಕೇಳಿ ಯೀ ಛ್ ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಪಾಠವಾಯಿತು ಅಂದನಂತೆ. ಪುಸ್ತಕ ಮೆನ್ಷಿಯಸ್ ಕಡೆಯವರದು, ಹಾಗಾಗಿ ಗೆಲ್ಲುವುದು ಅವನೇ. ನನ್ನನ್ನು ಕೇಳಿದರೆ ಕರುಣೆ ಎಲ್ಲಿಂದ ಹುಟ್ಟುತ್ತದೆ ಅನ್ನುವುದರಲ್ಲಿ ಮೆನ್ಷಿಯಸ್ ಸರಿ. ಅದು ಎಲ್ಲಿಯವರೆಗೆ ಹೋಗಬೇಕು ಅನ್ನುವುದರಲ್ಲಿ ಮೋ ತ್ಸುವಿನ ಒತ್ತಾಯ ಬೇಕೇ ಬೇಕು. ಮನೆಯಲ್ಲಿ ಹುಟ್ಟಿದ್ದು ಮನೆಯಲ್ಲೇ ಉಳಿದುಬಿಡುವುದನ್ನು ನಾವು ದಿನಾ ನೋಡುತ್ತಿದ್ದೇವೆ.

ತನ್ನವರ ತಪ್ಪು ಮುಚ್ಚಿಹಾಕುವುದಕ್ಕೂ ಇದು ನೆಪ ಆಗುವುದಿಲ್ಲವೇ?

ಆಗುತ್ತದೆ, ಆಗಿದೆ ಕೂಡ. ಅಪ್ಪ ಕುರಿ ಕದ್ದಾಗ ಮಗ ಹೇಳಿಕೊಡಬಾರದು ಅನ್ನುವ ಅರ್ಥದ ಮಾತನ್ನು ಕನ್‌ಫ್ಯೂಷಿಯಸ್ ಆಡಿದ್ದಾನೆ. ಮೆನ್ಷಿಯಸ್‌ನನ್ನು ಇನ್ನೂ ಕಷ್ಟದ್ದು ಕೇಳಿದರು: ಚೀನೀಯರ ದಂತಕಥೆಯ ಆದರ್ಶ ದೊರೆ ಶುನ್ ಚಕ್ರವರ್ತಿಯ ಅಪ್ಪ ಕೊಲೆ ಮಾಡಿದರೆ? ನ್ಯಾಯಾಧಿಕಾರಿ ಹಿಡಿಯಲಿ, ಶುನ್ ತಡೆಯುವಂತಿಲ್ಲ ಅಂದ. ಆದರೆ ಶುನ್ ಸಿಂಹಾಸನವನ್ನು ಹರಿದ ಚಪ್ಪಲಿಯಂತೆ ಎಸೆದು, ಅಪ್ಪನನ್ನು ಬೆನ್ನ ಮೇಲೆ ಹೊತ್ತು ಸಮುದ್ರದ ದಂಡೆಗೆ ಓಡಿಹೋಗಿ ಅಲ್ಲೇ ಖುಷಿಯಾಗಿ ಇರುತ್ತಾನೆ ಅಂತಲೂ ಹೇಳಿದ. ಅಧಿಕಾರ ಮತ್ತು ಅಪ್ಪ ಎರಡನ್ನೂ ಇಟ್ಟುಕೊಳ್ಳುವ ದಾರಿ ಅವನು ಕೊಡಲಿಲ್ಲ, ಅದು ಸರಿ. ಆದರೆ ಸತ್ತವನ ಮನೆಯವರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಇದನ್ನು ನಾನು ಒಪ್ಪಲಾರೆ.

ಎಲ್ಲರಲ್ಲೂ ಮೊಳಕೆ ಇದ್ದರೆ ಕ್ರೂರಿಗಳು ಎಲ್ಲಿಂದ ಬಂದರು?

ಛಿ ರಾಜ್ಯದ ರಾಜಧಾನಿ ಲಿನ್‌ಜಿಯ ಹೊರಗೆ ಒಂದು ಗುಡ್ಡ ಇತ್ತು, ಹೆಸರು ಎತ್ತಿನ ಗುಡ್ಡ. ಒಂದು ಕಾಲಕ್ಕೆ ಅಲ್ಲಿ ಚೆಂದದ ಕಾಡು. ದೊಡ್ಡ ಊರಿನ ಪಕ್ಕ ಇದ್ದದ್ದರಿಂದ ದಿನಾ ಕೊಡಲಿ ಬಿತ್ತು. ರಾತ್ರಿ ತಂಪಿಗೆ, ಮಳೆಗೆ, ಇಬ್ಬನಿಗೆ ಮತ್ತೆ ಚಿಗುರು ಬರುತ್ತಿತ್ತು. ಅದನ್ನು ದನ ಕುರಿ ಬಂದು ಮೇಯ್ದವು. ಕೊನೆಗೆ ಬೋಳಾಯಿತು. ನೋಡಿದವರು ಇಲ್ಲಿ ಮರವೇ ಇರಲಿಲ್ಲ ಅಂದುಕೊಳ್ಳುತ್ತಾರೆ, ಅದೇ ಗುಡ್ಡದ ಸ್ವಭಾವವೇ ಅಂತ ಮೆನ್ಷಿಯಸ್ ಕೇಳುತ್ತಾನೆ.

ಮನುಷ್ಯನೂ ಹಾಗೇ. ರಾತ್ರಿ ನಿದ್ದೆಯಲ್ಲಿ, ಬೆಳಗಿನ ಜಾವದ ಶಾಂತಿಯಲ್ಲಿ ಮನಸ್ಸು ಸ್ವಲ್ಪ ಚಿಗುರುತ್ತದೆ. ಹಗಲು ಮಾಡುವ ಕೆಲಸ ಅದನ್ನು ಮೇಯ್ದು ಹಾಕುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದಾಗ, ನಿನ್ನೆ ಯಾರಿಗೋ ಒರಟಾಗಿ ಮಾತಾಡಿದ್ದು ನೆನಪಾಗಿ ಚುಚ್ಚುತ್ತದಲ್ಲ, ಅದನ್ನೇ ಅವನು ಹೇಳುತ್ತಿರುವುದು. ಹನ್ನೊಂದು ಗಂಟೆಗೆ ಆ ಚುಚ್ಚು ಇರುವುದಿಲ್ಲ.

ಚೀನಾದಲ್ಲೇ ನಡೆದದ್ದೊಂದಿದೆ. 2011ರ ಅಕ್ಟೋಬರ್‌ನಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಷಾನ್ ನಗರದಲ್ಲಿ ಎರಡು ವರ್ಷದ ಹೆಣ್ಣುಮಗುವಿನ ಮೇಲೆ ವ್ಯಾನ್ ಹರಿಯಿತು. ಬಿದ್ದಿದ್ದ ಮಗುವಿನ ಪಕ್ಕದಲ್ಲೇ 18 ಮಂದಿ ಹಾದುಹೋದದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಕೊನೆಗೆ ಎತ್ತಿಕೊಂಡವಳು ಚಿಂದಿ ಆಯುವ ಹೆಂಗಸು. ಮಗು ಉಳಿಯಲಿಲ್ಲ. ಮೆನ್ಷಿಯಸ್ ಸೋತ ಅಂತ ಬಹಳ ಜನ ಅಂದರು. ಆದರೆ ಸಹಾಯಕ್ಕೆ ಹೋದರೆ ನಮ್ಮ ಮೇಲೇ ಕೇಸು ಬೀಳುತ್ತದೆ ಎಂಬ ಭಯ ಆಗ ಅಲ್ಲಿ ದಟ್ಟವಾಗಿತ್ತು. ಎತ್ತಿನ ಗುಡ್ಡದಲ್ಲಿ ಮೇಯುವ ದನದ ಹಾಗೆ ಅದೂ ಒಂದು. 2017ರಲ್ಲಿ ಜಾರಿಗೆ ಬಂದ ಸಿವಿಲ್ ಕಾನೂನಿನಲ್ಲಿ, ತುರ್ತಿನಲ್ಲಿ ತಾವಾಗಿ ನೆರವಿಗೆ ಹೋದವರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದು ಬರೆದರು. ಮೆನ್ಷಿಯಸ್ ಇದ್ದಿದ್ದರೆ ಇದನ್ನು ಬೇಲಿ ಹಾಕುವ ಕೆಲಸ ಅನ್ನುತ್ತಿದ್ದ ಅಂತ ನನ್ನ ನಂಬಿಕೆ.

ಹಾಗಾದರೆ ಪ್ರಯತ್ನಪಟ್ಟು ಕರುಣೆ ಬೆಳೆಸಿಕೊಳ್ಳಬಹುದಾ?

ಬೆಳೆಸಬಹುದು, ಎಳೆಯಬಾರದು. ಸೊಂಗ್ ರಾಜ್ಯದ ರೈತನೊಬ್ಬ ಪೈರು ಬೇಗ ಬೆಳೆಯುತ್ತಿಲ್ಲ ಅಂತ ಒಂದೊಂದನ್ನೇ ಮೇಲಕ್ಕೆ ಜಗ್ಗಿದ. ಮನೆಗೆ ಬಂದು, ಇವತ್ತು ಸುಸ್ತಾಯಿತು, ಪೈರು ಬೆಳೆಯಲು ಸಹಾಯ ಮಾಡಿದೆ ಅಂದ. ಮಗ ಓಡಿಹೋಗಿ ನೋಡಿದರೆ ಎಲ್ಲ ಬಾಡಿತ್ತು. ಇವತ್ತಿಗೂ ಚೀನೀ ಭಾಷೆಯಲ್ಲಿ ಇದು ಗಾದೆಯಂತೆ ಬಳಕೆಯಲ್ಲಿದೆ. ಕಳೆ ಕೀಳದೆ ಬಿಡುವವನೂ ತಪ್ಪು, ಜಗ್ಗುವವನೂ ತಪ್ಪು ಅಂತಾನೆ ಮೆನ್ಷಿಯಸ್. ಬಾರದ ಕಣ್ಣೀರನ್ನು ಬರಿಸಿಕೊಳ್ಳುವುದು ಜಗ್ಗಿದ ಹಾಗೆಯೇ.

ಷ್ಯುನ್ ತ್ಸು ಇದನ್ನೆಲ್ಲ ಒಪ್ಪಲಿಲ್ಲ ಅಲ್ವಾ?

ಒಪ್ಪಲಿಲ್ಲ. ಕ್ರಿ.ಪೂ. 3ನೇ ಶತಮಾನದ ಈ ಚಿಂತಕನೂ ಕನ್‌ಫ್ಯೂಷಿಯಸ್ ಹಾದಿಯವನೇ. ಮನುಷ್ಯನ ಸ್ವಭಾವ ಕೆಟ್ಟದು, ಒಳ್ಳೆಯತನ ದುಡಿದು ಗಳಿಸಿದ್ದು ಅಂದ. ಸೊಟ್ಟ ಮರವನ್ನು ಹಬೆಯಲ್ಲಿಟ್ಟು, ಅಚ್ಚಿಗೆ ಒತ್ತಿ ನೆಟ್ಟಗೆ ಮಾಡಬೇಕು. ಗುರು, ಕಲಿಕೆ, ಕಟ್ಟುಪಾಡು ಇಲ್ಲದೆ ಆಗದು.

ಆದರೆ ಅದೇ ಷ್ಯುನ್ ತ್ಸು ಸೂತಕದ ಬಗ್ಗೆ ಬರೆಯುವಾಗ ಬೇರೆ ಥರ ಕೇಳಿಸುತ್ತಾನೆ. ದೊಡ್ಡ ಹಕ್ಕಿಯೋ ಮೃಗವೋ ತನ್ನ ಜೊತೆಯನ್ನು ಕಳೆದುಕೊಂಡರೆ ತಿಂಗಳು ಕಳೆದ ಮೇಲೂ ಹಳೆಯ ಜಾಗಕ್ಕೆ ಬರುತ್ತದೆ, ಸುತ್ತುತ್ತದೆ, ಕೂಗುತ್ತದೆ, ಕಾಲು ಕೆರೆಯುತ್ತದೆ. ಗುಬ್ಬಿಯಂಥ ಪುಟ್ಟ ಹಕ್ಕಿಯೂ ಸ್ವಲ್ಪ ಹೊತ್ತು ಚಿಲಿಪಿಲಿ ಅತ್ತೇ ಹೋಗುತ್ತದೆ ಅಂತ ಬರೆದಿದ್ದಾನೆ. ಇಷ್ಟು ಬರೆದವನಿಗೆ ಮೊಳಕೆ ಕಂಡಿರಲಿಲ್ಲ ಅನ್ನುವುದು ಕಷ್ಟ.

ಕರುಣೆಯೊಂದಿದ್ದರೆ ಸಾಕಾ?

ಸಾಲದು. ಒಂದು ಬುಟ್ಟಿ ಅನ್ನ, ಒಂದು ಬಟ್ಟಲು ಸಾರು ಸಿಕ್ಕರೆ ಬದುಕು, ಇಲ್ಲದಿದ್ದರೆ ಸಾವು. ಅಂಥ ಸ್ಥಿತಿಯಲ್ಲೂ ಬೈದು ಕೊಟ್ಟರೆ ದಾರಿಹೋಕ ತೆಗೆದುಕೊಳ್ಳುವುದಿಲ್ಲ, ಕಾಲಲ್ಲಿ ತುಳಿದು ಕೊಟ್ಟರೆ ಭಿಕ್ಷುಕನೂ ಮುಟ್ಟುವುದಿಲ್ಲ ಅಂತಾನೆ ಮೆನ್ಷಿಯಸ್. ಇದು ಎರಡನೆಯ ಮೊಳಕೆ, ನಾಚಿಕೆ ಪಡುವ ಮನಸ್ಸು, ಅಂದರೆ ಮಾನ. ಕೊಡುವವನ ಕರುಣೆಯನ್ನಷ್ಟೇ ನೋಡದೆ, ಪಡೆಯುವವನ ಮಾನವನ್ನೂ ನೋಡಿದವನು ಅವನು.

ಇದು ಬೌದ್ಧರ ಕರುಣೆಯಿಂದ ಬಂದದ್ದಾ?

ಅಲ್ಲ. ಬೌದ್ಧ ಧರ್ಮ ಚೀನಾಕ್ಕೆ ಹೋದದ್ದು ಕ್ರಿ.ಶ. 1ನೇ ಶತಮಾನದ ಹೊತ್ತಿಗೆ. ಮೆನ್ಷಿಯಸ್ ಅದಕ್ಕಿಂತ ಮುನ್ನೂರು ವರ್ಷ ಹಿಂದಿನವನು. ಮುಂದೆ ಎರಡೂ ಒಂದರ ಮೇಲೊಂದು ಪ್ರಭಾವ ಬೀರಿದವು. 1472ರಿಂದ 1529ರವರೆಗೆ ಬದುಕಿದ್ದ ವಾಂಗ್ ಯಾಂಗ್‌ಮಿಂಗ್ ಬಾವಿಯ ಮಗುವಿನಿಂದ ಶುರು ಮಾಡಿ, ಹಕ್ಕಿಯ ಕೂಗು, ಮುರಿದ ಗಿಡ, ಒಡೆದ ಹೆಂಚು ಕಲ್ಲಿನವರೆಗೂ ಮನಸ್ಸು ಮರುಗುತ್ತದೆ ಅಂದ. ಕೊರಿಯಾದಲ್ಲಂತೂ 16ನೇ ಶತಮಾನದಲ್ಲಿ ಯಿ ಹ್ವಾಂಗ್ ಮತ್ತು ಕಿ ತೆಸಂಗ್ ಎಂಬ ಇಬ್ಬರು ವಿದ್ವಾಂಸರು, ಈ ನಾಲ್ಕು ಮೊಳಕೆಗಳೂ ಕೋಪ ಸಂತೋಷದಂಥ ಮಾಮೂಲಿ ಭಾವನೆಗಳೂ ಒಂದೇ ಜಾತಿಯವೋ ಅಂತ ವರ್ಷಗಟ್ಟಲೆ ಪತ್ರ ಬರೆದುಕೊಂಡರು.

ಓದುವುದಾದರೆ ಎಲ್ಲಿಂದ ಶುರು ಮಾಡಲಿ?

ಮೆನ್ಷಿಯಸ್ ಪುಸ್ತಕದಲ್ಲಿ ಏಳು ಭಾಗ, ಪ್ರತಿ ಭಾಗಕ್ಕೂ ಎರಡು ಅರ್ಧ. ಮೊದಲ ಭಾಗದ ಮೊದಲ ಅರ್ಧದಲ್ಲಿ ಏಳನೆಯ ತುಣುಕು ಎತ್ತಿನದು. ಅಲ್ಲಿಂದ ಶುರು ಮಾಡಿ. ಬಾವಿಯ ಮಗು ಎರಡನೆಯ ಭಾಗದಲ್ಲಿದೆ, ಅದನ್ನು ಆಮೇಲೆ ಓದಿ. ಮೂರನೆಯದಾಗಿ, ಎರಡನೆಯ ಭಾಗದ ಕೊನೆಗೆ ಬಂದು ಚೌ ಊರಿನ ಮೂರು ರಾತ್ರಿಗಳನ್ನು ಓದಿ. ರಾಜನಿಗೆ ಅಷ್ಟು ತಾಳ್ಮೆಯಿಂದ ಅವನ ಮನಸ್ಸನ್ನು ತೋರಿಸಿಕೊಟ್ಟವನು, ಅವನನ್ನು ಬಿಟ್ಟು ಹೋಗುವಾಗಲೂ ಅದೇ ಎತ್ತಿನ ಕ್ಷಣವನ್ನು ನಂಬಿಕೊಂಡು ದಾರಿಯಲ್ಲಿ ಕಾಯುತ್ತಿದ್ದ ಅಂತ ಆಗ ಅನಿಸುತ್ತದೆ.